ಚೌಕಾಬಾರವೂ ಸಂಖ್ಯಾಶಾಸ್ತ್ರದ ಪರೀಕ್ಷೆಯೂ

ಪರೀಕ್ಷೆಯೆಂಬ ಮಾತು ಕಿವಿಗೆ ಬಿದ್ದೊಡನೆ ಎದೆ ಡವಗುಟ್ಟದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ. ಅದರಲ್ಲಿಯೂ ಅರ್ಥಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಸಂಖ್ಯಾಶಾಸ್ತ್ರದ ಪತ್ರಿಕೆಯೆಂದರೆ ಊರದೇವತೆಗೆ ಹರಕೆ ಹೊರುವಂಥ ಸಂಗತಿ. ಅಂಥ ಪತ್ರಿಕೆಯ ಪರೀಕ್ಷೆಯನ್ನು ಆಟವಾಡಿಸಿ ನಡೆಸಬಹುದು, ಒಂದು ಪಾಲನ್ನಾದರೂ ಹಾಗೆಯೇ ನಡೆಸಬೇಕು ಎಂದು ನಾನು ಹೇಳಹೊರಟರೆ ಮಿತ್ರರು ನಗುವರೆಂಬುದನ್ನೂ, ಅಧ್ಯಾಪಕರು ಹುಬ್ಬು ಗಂಟಿಕ್ಕುವರೆಂಬುದನ್ನೂ ಬಲ್ಲೆ. ಆದರೂ ಈ ಮಾತನ್ನು ಹೇಳದೆಯೇ ಕಾಲೇಜಿನ ಮೆಟ್ಟಿಲಿಳಿದು ಹೋಗಲು ಮನಸ್ಸು ಒಪ್ಪುತ್ತಿಲ್ಲ. ಏಕೆಂದರೆ ನಾನು ಆ ಪತ್ರಿಕೆಯಲ್ಲಿ ಒಳ್ಳೆಯ ಅಂಕಗಳನ್ನೇ ಪಡೆದೆ; ಆ ಅಂಕಗಳು ಎಂಥವೆಂಬುದು ನನ್ನ ತಂದೆಯೆದುರು ಬಯಲಾಯಿತು.

ನಡೆದದ್ದು ಇಷ್ಟು. ರಜೆಯಲ್ಲಿ ಊರಿಗೆ ಹೋಗಿದ್ದಾಗ ತಂದೆಯವರು ಹಾಲಿನ ಚೀಟಿಗಳ ಒಂದು ಕಟ್ಟನ್ನು ನನ್ನ ಮುಂದಿಟ್ಟರು. ಪ್ರತಿ ಚೀಟಿಯಲ್ಲಿಯೂ ಹಾಲಿನ ಕೊಬ್ಬಿನ ಅಂಶ ನಮೂದಾಗಿತ್ತು: 3.8, 4.1, 3.6, 4.0, 3.9, 3.5, 4.2, ಹೀಗೆ. "ನೀನು ಲೆಕ್ಕದ ಶಾಸ್ತ್ರ ಓದುತ್ತಿದ್ದೀಯಲ್ಲ, ಹೇಳು. ಹಸು ಒಂದೇ, ಮೇವು ಒಂದೇ. ಇದು ದಿನಕ್ಕೊಂದು ಥರ ಬರುವುದು ಹಸುವಿನಿಂದಲೋ, ಅಳತೆಯಿಂದಲೋ?" ಎಂದು ಕೇಳಿದರು. ನಾನು ಕಾಗದ ತೆಗೆದು ಸರಾಸರಿ ಕಂಡುಹಿಡಿದೆ. ಮಾನಕ ವಿಚಲನೆಯನ್ನೂ ಎರಡು ದಶಮಾಂಶದವರೆಗೆ ತಪ್ಪಿಲ್ಲದೆ ತೆಗೆದೆ. ಅವರು ಕಾಗದವನ್ನು ನೋಡಿ, "ಸರಿ, ಹಸುವೋ ಅಳತೆಯೋ?" ಎಂದು ಮತ್ತೆ ಅದನ್ನೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಎರಡು ವರ್ಷ ಓದಿಸಿದ ವಿದ್ಯೆ ಒಂದು ನೇರವಾದ ಪ್ರಶ್ನೆಯ ಮುಂದೆ ಬಾಯಿ ಮುಚ್ಚಿ ಕುಳಿತದ್ದನ್ನು ಕಂಡು ಅವರು ಏನೂ ಅನ್ನಲಿಲ್ಲ. ಚೀಟಿಗಳನ್ನು ಮತ್ತೆ ದಾರದಿಂದ ಕಟ್ಟಿಟ್ಟರು.

ನಮ್ಮ ಪ್ರಶ್ನಪತ್ರಿಕೆಗಳನ್ನು ತೆಗೆದು ನೋಡಿದರೆ ಇದರ ಕಾರಣ ತಿಳಿಯುತ್ತದೆ. "ಕೆಳಗಿನ ದತ್ತಾಂಶಗಳಿಗೆ ಮಾನಕ ವಿಚಲನೆಯನ್ನು ಕಂಡುಹಿಡಿಯಿರಿ" ಎಂದು ಅಲ್ಲಿ ಕೇಳಿರುತ್ತದೆ. ಆ ದತ್ತಾಂಶಗಳು ಎಲ್ಲಿಂದ ಬಂದವು, ಯಾರು ಅಳೆದರು, ಕಂಡುಹಿಡಿದ ಮೇಲೆ ಅದರಿಂದ ಏನನ್ನು ತೀರ್ಮಾನಿಸಬೇಕು ಎಂಬುದನ್ನು ಕೇಳುವುದು ಅಪರೂಪ. ಸೂತ್ರ ನೆನಪಿದ್ದು ಗುಣಾಕಾರ ತಪ್ಪದಿದ್ದರೆ ಪೂರ್ಣ ಅಂಕ. ಅನಿಶ್ಚಯದ ನಡುವೆ ಬುದ್ಧಿಪೂರ್ವಕವಾಗಿ ತೀರ್ಮಾನ ಮಾಡುವುದನ್ನು ಕಲಿಸುವ ಶಾಸ್ತ್ರವನ್ನು ಅನಿಶ್ಚಯವೂ ಇಲ್ಲದ ತೀರ್ಮಾನವೂ ಬೇಕಿಲ್ಲದ ಪ್ರಶ್ನೆಗಳಿಂದ ಅಳೆಯುತ್ತಿದ್ದೇವೆ. ಈಜು ಬರುತ್ತದೆಯೆ ಎಂದು ತಿಳಿಯಲು ದಡದ ಮೇಲೆ ಕೂರಿಸಿ ನೀರಿನ ಲಕ್ಷಣ ಬರೆಯಿಸಿದಂತೆ ಇದು.

ಅನಿಶ್ಚಯವೂ ತೀರ್ಮಾನವೂ ಎರಡೂ ಒಂದೆಡೆ ಸಿಕ್ಕುವ ಸ್ಥಳ ಆಟ. ಈ ಮಾತು ನನ್ನ ಹೊಸ ಕಲ್ಪನೆಯೇನೂ ಅಲ್ಲ. ಸಂಭವನೀಯತೆಯ ಶಾಸ್ತ್ರ ಹುಟ್ಟಿದ್ದೇ ಆಟದ ಮಣೆಯ ಪಕ್ಕದಲ್ಲಿ. ಇಟಲಿಯ ಕಾರ್ಡಾನೊ ಹದಿನಾರನೆಯ ಶತಮಾನದಲ್ಲಿ ದಾಳದಾಟದ ಲೆಕ್ಕವನ್ನು ಕುರಿತು ಬರೆದಿಟ್ಟ ಪುಸ್ತಕ, ಅವನು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 1663ರಲ್ಲಿ ಅಚ್ಚಾಯಿತು. ನಡುವೆಯೇ ನಿಂತುಹೋದ ಆಟದ ಪಣವನ್ನು ಇಬ್ಬರು ಆಟಗಾರರಿಗೆ ನ್ಯಾಯವಾಗಿ ಹಂಚುವುದು ಹೇಗೆಂಬ ಪ್ರಶ್ನೆಯ ಮೇಲೆ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ 1654ರಲ್ಲಿ ಬರೆದುಕೊಂಡ ಕಾಗದಗಳಿಂದ ಈ ಶಾಸ್ತ್ರಕ್ಕೆ ಭದ್ರವಾದ ತಳಪಾಯ ಬಿತ್ತು. ನಮ್ಮ ಮಹಾಭಾರತದ ವನಪರ್ವದಲ್ಲಿಯೂ ಇಂಥದೊಂದು ಕಥೆಯುಂಟು. ದಾಳದಲ್ಲಿ ರಾಜ್ಯ ಕಳೆದುಕೊಂಡ ನಳ ಬಾಹುಕನೆಂಬ ಹೆಸರಿನಿಂದ ಋತುಪರ್ಣನ ರಥ ನಡೆಸುತ್ತಿದ್ದಾಗ, ಋತುಪರ್ಣ ದಾರಿಯ ತಾರೆಮರವನ್ನು ನೋಡಿ ಅದರ ಎಲೆಯೆಷ್ಟು ಕಾಯೆಷ್ಟು ಎಂದು ಹೇಳಿಬಿಟ್ಟನು. ನಳ ತಲೆದೂಗಿ ಮುಂದೆ ಹೋಗಲಿಲ್ಲ. ರಥ ನಿಲ್ಲಿಸಿ, ಎಣಿಸಿಯೇ ನೋಡುತ್ತೇನೆಂದು ಹಠ ಹಿಡಿದನು. ಎಣಿಸಿ ಸರಿಯೆಂದು ಕಂಡ ಮೇಲೆಯೇ ಆ ವಿದ್ಯೆಯನ್ನೂ ದಾಳದ ಮರ್ಮವನ್ನೂ ಕೇಳಿ ಪಡೆದನು. ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಋತುಪರ್ಣನ ವಿದ್ಯೆಗಿಂತಲೂ ನಳ ನಡೆಸಿದ ಪರೀಕ್ಷೆ.

ಇನ್ನು ನಮ್ಮ ಊರುಕೇರಿಯ ಆಟಕ್ಕೆ ಬರೋಣ. ಚೌಕಾಬಾರವನ್ನು ಆಡದವರು, ಆಡುವುದನ್ನು ನೋಡದವರು ನಮ್ಮಲ್ಲಿ ಕಡಮೆ. ಕೆಲವು ಕಡೆ ಇದನ್ನೇ ಕಟ್ಟೆಮನೆ ಎನ್ನುವರು. ಐದು ಸಾಲು ಐದು ಕಂಬದ ಇಪ್ಪತ್ತೈದು ಮನೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ಎಸೆಯಲು ನಾಲ್ಕು ಕವಡೆ. ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೋ ಅಷ್ಟು ಮನೆ ನಡೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಎಂಟು. ಈ ಎರಡು ಬಿದ್ದಾಗ ಮತ್ತೊಂದು ಎಸೆತ. ನಮ್ಮ ಅಜ್ಜಿ ಈ ಆಟದಲ್ಲಿ ಗಟ್ಟಿಗಿತ್ತಿ. ಚಿಕ್ಕವನಾಗಿದ್ದಾಗ ನನಗೆ ಅವರು ಹೇಳಿಕೊಟ್ಟ ಮೊದಲ ಪಾಠ: "ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ಹೋಗಿ ನಿಲ್ಲಬೇಡ, ಕಡಿಯುತ್ತಾರೆ, ಒಂದು ಮನೆ ಮುಂದೆ ನಿಂತರೂ ವಾಸಿ." ಏಕೆಂದು ಕೇಳಿದರೆ, "ಎರಡೇ ಹೆಚ್ಚು ಬೀಳುವುದು" ಎನ್ನುತ್ತಿದ್ದರು.

ದ್ವಿಪದ ವಿತರಣೆಯ ಪಾಠವಾದ ದಿನ ನನಗೆ ಈ ಮಾತು ಥಟ್ಟನೆ ನೆನಪಾಯಿತು. ಪ್ರತಿ ಕವಡೆ ಮೇಲಾಗುವ ಸಂಭವ ಅರ್ಧವೆಂದು ಇಟ್ಟುಕೊಂಡರೆ ನಾಲ್ಕು ಕವಡೆಗಳು ಒಟ್ಟು 16 ವಿಧದಲ್ಲಿ ಬೀಳಬಹುದು. ಅವುಗಳಲ್ಲಿ ಒಂದು ಬೀಳುವುದು 4 ವಿಧ, ಎರಡು 6 ವಿಧ, ಮೂರು 4 ವಿಧ, ಚೌಕ 1, ಎಂಟು 1. ಮರು ಎಸೆತದ ಸಂಗತಿಯನ್ನು ಬದಿಗಿಟ್ಟರೆ ಎರಡು ಮನೆ ಮುಂದಿರುವ ಕಾಯಿಗೆ 16ರಲ್ಲಿ 6 ಪಾಲು ಅಪಾಯ, ಒಂದು ಮನೆ ಮುಂದಿರುವುದಕ್ಕೆ 4 ಪಾಲು. ಹೆಬ್ಬೆಟ್ಟು ಒತ್ತುವ ನಮ್ಮ ಅಜ್ಜಿಗೆ ಈ ವಿತರಣೆಯ ಶಿಖರ ಎಲ್ಲಿದೆಯೆಂಬುದು ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ ಅಷ್ಟೆ. ನನಗೆ ಹೆಸರು ಗೊತ್ತಿತ್ತು. ಆದರೆ ಆಟದ ಮಣೆಯ ಮುಂದೆ ಅದನ್ನು ಬಳಸಬೇಕೆಂದು ಯಾವ ಪರೀಕ್ಷೆಯೂ ನನ್ನನ್ನು ಕೇಳಿರಲಿಲ್ಲ.

ಕಳೆದ ವರ್ಷ ವಿದ್ಯಾರ್ಥಿನಿಲಯದಲ್ಲಿ ನಾವು ನಾಲ್ವರು ಮಿತ್ರರು ಇದನ್ನು ಪರೀಕ್ಷಿಸಲು ಕುಳಿತೆವು. ಕವಡೆ ಸಿಗಲಿಲ್ಲ, ಹುಣಿಸೆಬೀಜಗಳನ್ನು ಕಲ್ಲಿಗೆ ಉಜ್ಜಿ ಒಂದು ಮೈಯನ್ನು ಬಿಳಿ ಮಾಡಿಕೊಂಡೆವು. ನಾಲ್ಕು ಬೀಜಗಳನ್ನು 160 ಸಲ ಎಸೆದು ಬರೆದುಕೊಂಡೆವು. ಲೆಕ್ಕದ ಪ್ರಕಾರ ಒಂದು 40 ಸಲ, ಎರಡು 60, ಮೂರು 40, ಚೌಕ 10, ಎಂಟು 10 ಸಲ ಬೀಳಬೇಕು. ಬಿದ್ದದ್ದು ಬೇರೆ: ಚೌಕ ಇಪ್ಪತ್ತರ ಹತ್ತಿರ, ಎಂಟು ಮೂರೇ ಸಲ. ಒಬ್ಬ ಮಿತ್ರ "ಬರೆದುಕೊಂಡದ್ದು ತಪ್ಪಿರಬೇಕು" ಎಂದ. ನಾನು "ಆಕಸ್ಮಿಕವಿರಬೇಕು" ಎಂದೆ. ಮೂರನೆಯವನು ಸುಮ್ಮನಿದ್ದ. ನಾಲ್ಕನೆಯವನು ಬೀಜಗಳನ್ನು ಕೈಯಲ್ಲಿ ಹೊರಳಿಸಿ ನೋಡಿ, "ಅರ್ಧವೆಂದು ನಾವು ಹೇಳಿದರೆ ಬೀಜ ಕೇಳಬೇಕಲ್ಲ! ಉಜ್ಜಿದ ಮೈ ಚಪ್ಪಟೆ, ಇನ್ನೊಂದು ಉಬ್ಬು. ನಾಲ್ಕನ್ನೂ ಒಟ್ಟಿಗೆ ಎಸೆದರೆ ತಿಳಿಯದು, ಒಂದೊಂದನ್ನೇ ಬೇರೆ ಮಾಡಿ ಎಸೆದು ನೋಡೋಣ" ಎಂದ. ಹಾಗೆ ಮಾಡಿದಾಗ ಬಿಳಿ ಮೈ ಹತ್ತರಲ್ಲಿ ಸುಮಾರು ಆರು ಸಲ ಮೇಲಾಗುತ್ತಿರುವುದು ಕಂಡಿತು. ಅರ್ಧದ ಬದಲು ಹತ್ತರಲ್ಲಿ ಆರು ಎಂದಿಟ್ಟು ಮತ್ತೆ ಲೆಕ್ಕ ಹಾಕಿದೆವು: 160ರಲ್ಲಿ ಚೌಕ ಸುಮಾರು 21, ಎಂಟು ಸುಮಾರು 4. ಬೀಜಗಳು ತಪ್ಪಿರಲಿಲ್ಲ, ನಮ್ಮ ಊಹೆ ತಪ್ಪಿತ್ತು. ಇನ್ನೊಂದು ಸ್ವಾರಸ್ಯವೂ ಹೊರಬಿತ್ತು. ಈ ಬೀಜಗಳಲ್ಲಿ ಎರಡು ಬೀಳುವ ಸಂಭವವೂ ಮೂರು ಬೀಳುವ ಸಂಭವವೂ ಸರಿಸಮ. ಅಂದರೆ ಅಜ್ಜಿಯ ಕವಡೆಯ ನೀತಿಯನ್ನು ನಮ್ಮ ಬೀಜಕ್ಕೆ ಹಾಗೆಯೇ ಅನ್ವಯಿಸುವಂತಿಲ್ಲ. ಇಲ್ಲಿ ಮೂರರ ಮನೆಯೂ ಎರಡರ ಮನೆಯಷ್ಟೇ ಅಪಾಯ.

ಈ ನಾಲ್ಕನೆಯ ಮಿತ್ರ ಆ ಪತ್ರಿಕೆಯಲ್ಲಿ ಹಿಂದಿನ ವರ್ಷ ನಪಾಸಾಗಿ ಮರುಪರೀಕ್ಷೆಗೆ ಹಣ ಕಟ್ಟಿದ್ದವನು. ಸೂತ್ರಗಳು ಅವನ ತಲೆಯಲ್ಲಿ ನಿಲ್ಲುವುದಿಲ್ಲ. ವರ್ಗಮೂಲದ ಚಿಹ್ನೆ ಹಾಕುವುದನ್ನೇ ಮರೆಯುತ್ತಾನೆ. ಪಾಸಾದ ನಾವು ಮೂವರು ಊಹೆಯನ್ನು ಬಿಟ್ಟುಕೊಡದೆ ಕುಳಿತಿದ್ದಾಗ, ಊಹೆಯನ್ನೇ ಪ್ರಶ್ನಿಸಬೇಕು, ಕಾರಣಗಳನ್ನು ಬೇರ್ಪಡಿಸಿ ನೋಡಬೇಕು ಎಂದು ಹೇಳಿದವನು ಅವನು. ಸಂಖ್ಯಾಶಾಸ್ತ್ರದ ತಿರುಳು ಅದಲ್ಲದೆ ಇನ್ನೇನು? ಸೂತ್ರ ಕಲಿಯುವುದು ಬೇಡವೆಂದು ನಾನು ಹೇಳುತ್ತಿಲ್ಲ. ಸೂತ್ರವಿಲ್ಲದೆ ನಾವು ಆ 21ನ್ನೂ 4ನ್ನೂ ತೆಗೆಯಲಾಗುತ್ತಿರಲಿಲ್ಲ. ಆದರೆ ಅವನಲ್ಲಿದ್ದುದನ್ನು ಕಾಣಲಾರದ, ನನ್ನಲ್ಲಿ ಇಲ್ಲದುದನ್ನು ಹಿಡಿಯಲಾರದ ಪರೀಕ್ಷೆ ಪೂರ್ಣವಾದ ಪರೀಕ್ಷೆಯಲ್ಲ ಎಂದಿಷ್ಟೇ ನನ್ನ ವಾದ.

ಇಲ್ಲಿ ಹಿರಿಯರು ಕೇಳಬಹುದಾದ ಮೊದಲ ಪ್ರಶ್ನೆ: "ಆಟದಲ್ಲಿ ಅದೃಷ್ಟವಿರುತ್ತದೆ. ಅದೃಷ್ಟಕ್ಕೆ ಅಂಕ ಕೊಡುವುದೆ?" ಪ್ರಶ್ನೆ ನ್ಯಾಯವಾದದ್ದು. ಇಬ್ಬರು ಆಟಗಾರರಲ್ಲಿ ಉತ್ತಮನಾದವನು ನೂರು ಆಟಗಳಲ್ಲಿ 60ನ್ನು ಗೆಲ್ಲುವಷ್ಟು ಜಾಣನೆಂದು ಭಾವಿಸೋಣ. ಒಂದೇ ಆಟವಾಡಿಸಿದರೆ ನೂರಕ್ಕೆ 40 ಸಲ ಅವನೇ ಸೋಲುವನು. ಮೂರು ಆಟವಾಡಿಸಿ ಹೆಚ್ಚು ಗೆದ್ದವನಿಗೆ ಜಯವೆಂದರೆ ಅವನ ಗೆಲುವು ನೂರಕ್ಕೆ ಸುಮಾರು 65 ಸಲ. ಐದು ಆಟವಾಡಿಸಿದರೂ ಸುಮಾರು 68 ಸಲ. ಐದು ಆಟಗಳ ನಂತರವೂ ಮೂರರಲ್ಲಿ ಒಂದು ಸಲ ದುರ್ಬಲನೇ ಗೆಲ್ಲುವನು. ಆದ್ದರಿಂದ ಗೆಲುವಿಗೆ ಅಂಕ ಕೊಡುವುದು ಶುದ್ಧ ಅನ್ಯಾಯ. ಅಂಕ ಕೊಡಬೇಕಾದದ್ದು ಬೀಜ ಬೀಳುವುದಕ್ಕೆ ಮುಂಚೆ ವಿದ್ಯಾರ್ಥಿ ಬರೆದಿಡುವ ಕಾರಣಕ್ಕೆ. "ಈ ಕಾಯಿಯನ್ನು ನಡೆಸುತ್ತೇನೆ, ಏಕೆಂದರೆ ಅಪಾಯ ಇಷ್ಟು, ಲಾಭ ಇಷ್ಟು" ಎಂದು ಬರೆದವನು ಸೋತರೂ ಪೂರ್ಣ ಅಂಕಕ್ಕೆ ಅರ್ಹ. ಕಣ್ಣು ಮುಚ್ಚಿ ನಡೆಸಿ ಗೆದ್ದವನಿಗೆ ಸೊನ್ನೆ.

ಅದೃಷ್ಟಕ್ಕೆ ಅಂಕವೆ ಎಂದು ಕೇಳುವವರು ಈಗಿನ ಬಹು ಆಯ್ಕೆಯ ಪ್ರಶ್ನೆಗಳನ್ನೂ ಒಮ್ಮೆ ನೋಡಬೇಕು. ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಹತ್ತು ಪ್ರಶ್ನೆಗಳಿಗೆ ಏನೂ ಓದದ ನೂರು ಮಂದಿ ಕಣ್ಣು ಮುಚ್ಚಿ ಗುರುತು ಹಾಕಿದರೂ ಅವರಲ್ಲಿ ಸುಮಾರು 22 ಮಂದಿಗೆ ನಾಲ್ಕು ಅಥವಾ ಹೆಚ್ಚು ಅಂಕ ಬರುತ್ತದೆಂದು ನಾವೇ ಕಲಿತ ದ್ವಿಪದ ವಿತರಣೆ ಹೇಳುತ್ತದೆ. ಜೂಜು ಪರೀಕ್ಷೆಯ ಕೋಣೆಯೊಳಗೆ ಆಗಲೇ ಬಂದು ಕುಳಿತಿದೆ. ಆದರೆ ಅಲ್ಲಿ ಅದರ ಲೆಕ್ಕ ಕೇಳುವವರಿಲ್ಲ.

ಅದೃಷ್ಟವನ್ನು ಲೆಕ್ಕ ಹಾಕಿ ಪರೀಕ್ಷೆ ಮಾಡುವುದು ಹೇಗೆಂಬುದಕ್ಕೆ ಆಧುನಿಕ ಸಂಖ್ಯಾಶಾಸ್ತ್ರದ ನಿರ್ಮಾಪಕರಲ್ಲಿ ಒಬ್ಬನಾದ ಫಿಶರನೇ ಮಾದರಿ ಹಾಕಿಕೊಟ್ಟಿದ್ದಾನೆ. ಅವನು 1935ರ ತನ್ನ ಪುಸ್ತಕದಲ್ಲಿ ಬರೆದ ಚಹಾದ ಪ್ರಸಂಗ ಪ್ರಸಿದ್ಧವಾದದ್ದು. ಬಟ್ಟಲಿಗೆ ಮೊದಲು ಹಾಲು ಹಾಕಿದೆಯೋ ಚಹಾ ಹಾಕಿದೆಯೋ ಎಂಬುದನ್ನು ಕುಡಿದು ಹೇಳಬಲ್ಲೆನೆಂದು ಒಬ್ಬ ಮಹಿಳೆ ಹೇಳಿದಳು. ಎಂಟು ಬಟ್ಟಲು, ನಾಲ್ಕರಲ್ಲಿ ಹಾಲು ಮೊದಲು, ನಾಲ್ಕರಲ್ಲಿ ಚಹಾ ಮೊದಲು. ಕ್ರಮವನ್ನು ಕಲಸಿ ಕೊಡುವುದು. ಎಂಟರಲ್ಲಿ ನಾಲ್ಕನ್ನು ಆರಿಸಲು 70 ವಿಧಗಳಿರುವುದರಿಂದ ಬರಿಯ ಅದೃಷ್ಟದಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ 70ರಲ್ಲಿ ಒಂದು. ಒಂದು ಜೊತೆ ತಪ್ಪಿದರೂ ಚಿಂತೆಯಿಲ್ಲವೆಂದರೆ ಆ ಸಂಭವ 70ರಲ್ಲಿ 17ಕ್ಕೆ ಏರುತ್ತದೆ. ಆಗ ಪರೀಕ್ಷೆಗೆ ಬೆಲೆಯಿಲ್ಲ. ನೋಡಲು ಇದು ಮಧ್ಯಾಹ್ನದ ವಿನೋದ. ಆದರೆ ಒಬ್ಬರ ಜ್ಞಾನವನ್ನು ಅಳೆಯುವುದು ಹೇಗೆ, ಅದೃಷ್ಟಕ್ಕೆ ಎಷ್ಟು ಜಾಗ ಬಿಡಬಹುದು ಎಂಬುದನ್ನು ಇದಕ್ಕಿಂತ ಸ್ವಚ್ಛವಾಗಿ ತೋರಿಸಿದ ಪರೀಕ್ಷೆಯನ್ನು ನಾನು ಕಾಣೆ.

ಹೊರದೇಶಗಳಲ್ಲಿ ಇಂಥ ಪ್ರಯತ್ನಗಳು ಆಗಿವೆ. ಅಮೆರಿಕದ ಅಯೋವಾ ರಾಜ್ಯದ ಗ್ರಿನೆಲ್ ಕಾಲೇಜಿನವರು ಸಂಖ್ಯಾಶಾಸ್ತ್ರದ ಪಾಠಕ್ಕೆಂದೇ ಕಂಪ್ಯೂಟರ್ ಆಟಗಳನ್ನು ರೂಪಿಸಿದ್ದಾರೆ. ಒಂದು ಆಟದಲ್ಲಿ ವಿದ್ಯಾರ್ಥಿ ಹುಲಿಗಳ ಮೂಗಿನ ಕಪ್ಪು ಬಣ್ಣವನ್ನು ಅಳೆದು ಅವುಗಳ ವಯಸ್ಸನ್ನು ಅಂದಾಜು ಮಾಡಬೇಕು. ಯಾವ ಹುಲಿಗಳನ್ನು ಅಳೆಯುವುದು, ಎಷ್ಟನ್ನು ಅಳೆಯುವುದು ಎಂಬುದು ಅವನ ತೀರ್ಮಾನ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಕಲ್ಪಿತ ಜನರಿರುವ ದ್ವೀಪಗಳನ್ನೇ ಸೃಷ್ಟಿಸಿ, ವಿದ್ಯಾರ್ಥಿಗಳು ಅಲ್ಲಿ ಸಮೀಕ್ಷೆ ಪ್ರಯೋಗಗಳನ್ನು ನಡೆಸುವಂತೆ ಏರ್ಪಡಿಸಿದ್ದಾರೆ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಪರಿಷ್ಕರಿಸಿದ ತನ್ನ ಬೋಧನಾ ಮಾರ್ಗಸೂಚಿಯಲ್ಲಿ, ಪರೀಕ್ಷೆಗಳು ವಿದ್ಯಾರ್ಥಿಯನ್ನು ಅಳೆಯುವುದಕ್ಕೆ ಮಾತ್ರವಲ್ಲದೆ ಅವನ ಕಲಿಕೆಯನ್ನು ತಿದ್ದುವುದಕ್ಕೂ ಒದಗಬೇಕೆಂದು ಹೇಳಿದೆ. ಇವುಗಳಿಂದ ನಾವು ಕಲಿಯಬೇಕಾದದ್ದು ಕಂಪ್ಯೂಟರನ್ನಲ್ಲ, ಅದರ ಹಿಂದಿನ ವಿಚಾರವನ್ನು.

ಹೀಗೆ ಹೇಳಲು ಕಾರಣವುಂಟು. ಈಗ ನಮ್ಮಲ್ಲಿಯೂ ಮೊಬೈಲಿನ ರಸಪ್ರಶ್ನೆಗಳನ್ನು ಕೆಲವು ತರಗತಿಗಳಲ್ಲಿ ಆಡಿಸುತ್ತಾರೆ. ನಾರ್ವೆಯಲ್ಲಿ ಹುಟ್ಟಿದ ಕಹೂಟ್ ಎಂಬುದು ಅವುಗಳಲ್ಲಿ ಬಹಳ ಹೆಸರಾದದ್ದು. ತರಗತಿಗೆ ಕಳೆ ಬರುತ್ತದೆಂಬುದು ನಿಜ. ಆದರೆ ಅದರ ಸಾಮಾನ್ಯ ಕ್ರಮದಲ್ಲಿ ಬೇಗ ಉತ್ತರಿಸಿದವರಿಗೆ ಹೆಚ್ಚು ಅಂಕ. ಯೋಚನೆ ಮಾಡಬೇಕಾದ ಶಾಸ್ತ್ರದಲ್ಲಿ ಯೋಚಿಸಿದವನಿಗೇ ದಂಡ! ಒಳ್ಳೆಯ ಫೋನೂ ಜಾಲದ ಸಂಪರ್ಕವೂ ಇದ್ದವರು ಮುಂದು. ಇಬ್ಬರಿಗೆ ಒಂದು ಫೋನಿರುವವರು, ಹಿಂದಿನ ಬೆಂಚಿನಲ್ಲಿ ಸಂಕೋಚದಿಂದ ಕುಳಿತವರು ಹಿಂದು. ಆಟದ ವೇಷ ತೊಟ್ಟ ಮಾತ್ರಕ್ಕೆ ಹಳೆಯ ಪರೀಕ್ಷೆ ಹೊಸದಾಗುವುದಿಲ್ಲ.

ಹಾಗಾದರೆ ನಾನು ಸೂಚಿಸುವುದೇನು? ಆಂತರಿಕ ಮೌಲ್ಯಮಾಪನದ ಅಂಕಗಳಲ್ಲಿ ಒಂದು ಪಾಲನ್ನು, ಇಪ್ಪತ್ತು ಅಂಕವೆಂದಿಟ್ಟುಕೊಳ್ಳೋಣ, ಇಂಥ ಒಂದು ಆಟಕ್ಕೆ ಮೀಸಲಿಡಬಹುದು. ಮೂರು ತರಗತಿಗಳ ಅವಧಿ ಸಾಕು. ಮೊದಲನೆಯ ದಿನ ಇಬ್ಬಿಬ್ಬರಿಗೆ ನಾಲ್ಕು ಬೀಜ ಕೊಟ್ಟು 160 ಎಸೆತಗಳನ್ನು ದಾಖಲಿಸಿ, ಬೀಜ ಮೇಲಾಗುವ ಸಂಭವ ಅರ್ಧವೋ ಅಲ್ಲವೋ ಎಂದು ಕೈ-ವರ್ಗ ಪರೀಕ್ಷೆಯಿಂದ ತೀರ್ಮಾನಿಸುವುದು. ಇದಕ್ಕೆ ಐದು ಅಂಕ. ಎರಡನೆಯ ದಿನ ಅಧ್ಯಾಪಕರು ಮಣೆಯ ಐದು ಸನ್ನಿವೇಶಗಳನ್ನು ಹಲಗೆಯ ಮೇಲೆ ಬರೆಯುವುದು, ಪ್ರತಿಯೊಬ್ಬರೂ ತಮ್ಮ ಬೀಜಗಳ ಸಂಭವದ ಪ್ರಕಾರ ಯಾವ ಕಾಯಿಯನ್ನು ನಡೆಸುವೆವೆಂದು ಕಾರಣಸಹಿತ ಬರೆಯುವುದು, ಇದಕ್ಕೆ ಹತ್ತು. ಮೂರನೆಯ ದಿನ ಆಟ, ಮುಗಿದ ಮೇಲೆ ಗೆಲುವು ಸೋಲುಗಳಲ್ಲಿ ತನ್ನ ನಡೆಯ ಪಾಲೆಷ್ಟು, ಬೀಜದ ಪಾಲೆಷ್ಟು ಎಂದು ಒಂದು ಪುಟ ಬರೆಯುವುದು, ಇದಕ್ಕೆ ಐದು. ಗೆಲುವಿಗೆ ಅಂಕವಿಲ್ಲ, ಪಣವಂತೂ ಇಲ್ಲವೇ ಇಲ್ಲ. ಪಣವಿಲ್ಲದ ಮೇಲೆ ಜೂಜೆಂಬ ಆಕ್ಷೇಪಣೆಗೂ ಎಡೆಯಿಲ್ಲ.

ಅರವತ್ತು ಮಂದಿಯ ತರಗತಿಯನ್ನು ಒಬ್ಬ ಅಧ್ಯಾಪಕರು ಹೇಗೆ ನಿಭಾಯಿಸಬೇಕು ಎನ್ನುವಿರಾ? ಅಧ್ಯಾಪಕರ ಹೊರೆಯನ್ನು ನಾನು ಕಾಣದವನಲ್ಲ. ಆದರೆ ಅರವತ್ತು ಉತ್ತರಪತ್ರಿಕೆಗಳನ್ನು ಅವರು ಈಗಲೂ ತಿದ್ದುತ್ತಿದ್ದಾರೆ. ಎಲ್ಲವೂ ಒಂದೇ ಅಚ್ಚಿನವು. ಇಲ್ಲಿ ಒಂದು ಹೆಚ್ಚಿನ ಅನುಕೂಲವುಂಟು. ಪ್ರತಿ ಜೋಡಿಯ ಬೀಜಗಳು ಬೇರೆ, ಎಸೆತಗಳು ಬೇರೆ, ಆದುದರಿಂದ ಉತ್ತರಗಳೂ ಬೇರೆ. ಪಕ್ಕದ ಜೋಡಿಯಿಂದ ನಕಲು ಮಾಡಿದವನು ತನ್ನ ಬೀಜದ ಕೈಯಲ್ಲಿಯೇ ಸಿಕ್ಕಿಬೀಳುವನು. ಖರ್ಚೋ, ಒಂದು ಹಿಡಿ ಹುಣಿಸೆಬೀಜ.

ಸಂಖ್ಯಾಶಾಸ್ತ್ರ ನಮಗೆ ದೂರದ ವಿದ್ಯೆಯೆಂಬ ಅಳುಕು ನಮ್ಮಲ್ಲಿ ಬಹುಮಂದಿಗಿದೆ. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದು ಅದೇ ವರ್ಷ ತೀರಿಕೊಂಡ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಹುಟ್ಟಿದೂರು ಯಾರನ್ನೂ ಪಂಡಿತರನ್ನಾಗಿ ಮಾಡದು. ಆದರೆ ಈ ವಿದ್ಯೆ ನಮ್ಮ ಅಂಗಳದ್ದಲ್ಲ ಎಂಬ ನೆಪಕ್ಕೂ ಎಡೆಗೊಡದು. ಅಂಗಳದ ಆಟದಲ್ಲಿಯೇ ಅದು ಅಡಗಿರುವಾಗ ಪರೀಕ್ಷೆಯನ್ನೂ ಒಮ್ಮೆ ಅಂಗಳಕ್ಕೆ ಇಳಿಸಿ ನೋಡಬಾರದೇಕೆ?

ಕೊನೆಗೆ ತಂದೆಯವರ ಪ್ರಶ್ನೆಯ ಮಾತು. ಬೀಜಗಳ ಆಟವಾಡಿದ ಮೇಲೆ ಊರಿಗೆ ಹೋದಾಗ ಅವರಿಗೆ ಹೇಳಿದೆ: "ಒಂದೇ ಹೊತ್ತಿನ ಹಾಲನ್ನು ಚೆನ್ನಾಗಿ ಕಲಸಿ ಎರಡು ಪಾತ್ರೆಗೆ ಹಾಕಿ ಎರಡನ್ನೂ ಅಳೆಯಿಸಿ. ಹೀಗೆ ಹತ್ತು ದಿನ ಮಾಡಿ. ಎರಡು ಪಾತ್ರೆಗಳ ನಡುವಿನ ವ್ಯತ್ಯಾಸ ಅಳತೆಯದು. ಅದಕ್ಕಿಂತ ಹೆಚ್ಚಾಗಿ ದಿನದಿಂದ ದಿನಕ್ಕೆ ಕಾಣುವುದು ಹಸುವಿನದು." ನಾಲ್ಕು ಬೀಜಗಳನ್ನು ಬೇರ್ಪಡಿಸಿ ಎಸೆಯೋಣವೆಂದ ಮಿತ್ರನ ಬುದ್ಧಿಯೇ ಇದು, ನನ್ನದೇನೂ ಇಲ್ಲ. ತಂದೆಯವರು ಸ್ವಲ್ಪ ಹೊತ್ತು ಯೋಚಿಸಿ, "ಇಷ್ಟೇನಾ? ಇದನ್ನು ಮೊದಲೇ ಹೇಳಬಾರದಿತ್ತೆ?" ಎಂದರು.

ಹೇಳಬಹುದಾಗಿತ್ತು. ಯಾವ ಪರೀಕ್ಷೆಯೂ ಅದನ್ನು ನನ್ನಿಂದ ಕೇಳಿರಲಿಲ್ಲ. ನಮ್ಮ ಹಿಂದೆ ಬರುವ ತಮ್ಮಂದಿರನ್ನೂ ತಂಗಿಯರನ್ನೂ ಕೇಳುವಂತಾಗಲಿ ಎಂದು ಅಧ್ಯಾಪಕ ವರ್ಗದವರಲ್ಲಿ ನನ್ನ ವಿನಯಪೂರ್ವಕ ಬಿನ್ನಹ.